ಉಬಾಲ್ದಿನಾ ಎಂಬ ಹಾಡು

ನಮ್ಮ ಓಣಿಯಲ್ಲಿ ಒಂದು ಹಾಡಿಗೆ ಉಬಾಲ್ದಿನಾ ಎಂದು ಹೆಸರು. ಅದನ್ನು ಕಟ್ಟಿದವಳು ಉಬಾಲ್ದಿನಾ ಅಲ್ಲ, ಹಾಡಿದವಳೂ ಅಲ್ಲ. ಅದರ ಒಂದು ಪದದ ಅರ್ಥ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕಾಂಗೋ ಕಡೆಯ ಯಾವುದೋ ಭಾಷೆ. ಆದರೂ ಕಾರ್ತಹೇನಾ ಪಟ್ಟಣದ ಈ ಹಿಂಬದಿಯಲ್ಲಿ, ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುವ ಕೋಟೆಗೋಡೆಯಿಂದ ಬಹಳ ದೂರದಲ್ಲಿ, ಮಳೆ ಬಂದರೆ ಹಿನ್ನೀರು ಮಂಚದ ಕಾಲಿಗೆ ಬರುವ ಈ ಓಣಿಗಳಲ್ಲಿ, "ಉಬಾಲ್ದಿನಾ ಹಾಕ್ರಪ್ಪಾ" ಎಂದರೆ ಸಾಕಿತ್ತು, ಯಾವ ಹಾಡು ಎಂದು ಯಾರೂ ಕೇಳುತ್ತಿರಲಿಲ್ಲ. ಸಾಕಿತ್ತು, ಅಷ್ಟೇ. ಈಗಿನ ಮಾತು ಬೇರೆ.

ಹೆಸರು ಹೀಗೆ ಬರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಭಾನುವಾರದ ಕುಣಿತಕ್ಕೆ ವಾದ್ಯದವರು ಬರುವುದಿಲ್ಲ, ಪಿಕೊ ಬರುತ್ತದೆ. ಗೋಡೆಯಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆ ಅದು, ಮುಂಭಾಗದಲ್ಲಿ ಕಣ್ಣು ಕುಕ್ಕುವ ಬಣ್ಣದ ಚಿತ್ರ. ಓಣಿಗೊಂದು ಪಿಕೊ, ಪಿಕೊಗೊಬ್ಬ ಯಜಮಾನ, ಯಜಮಾನರ ನಡುವೆ ಜನ್ಮದ ಜಿದ್ದು. ಬೇರೆಯವರ ಹತ್ತಿರ ಇಲ್ಲದ ರೆಕಾರ್ಡು ತನ್ನ ಹತ್ತಿರ ಇರಬೇಕು, ಅದೇ ಪೈಪೋಟಿ. ಆಫ್ರಿಕದ ರೇವುಗಳಿಂದ ಹಡಗಿನವರು ರೆಕಾರ್ಡು ತಂದುಕೊಡುತ್ತಿದ್ದರು. ಕೈಗೆ ಬಂದ ಕೂಡಲೇ ಯಜಮಾನ ಬಾಗಿಲು ಹಾಕಿಕೊಂಡು ಬ್ಲೇಡು ಹಿಡಿದು ಕೂರುತ್ತಿದ್ದ. ನಡುವಿನ ದುಂಡನೆಯ ಕಾಗದದ ಮೇಲಿನ ಅಕ್ಷರಗಳನ್ನೆಲ್ಲ ಕೆರೆದು ಹಾಕುತ್ತಿದ್ದ. ಹಾಡಿದವರ ಹೆಸರು, ಹಾಡಿನ ಹೆಸರು, ಊರು, ಕಂಪನಿ, ಒಂದೂ ಉಳಿಯಕೂಡದು. ಪಕ್ಕದ ಓಣಿಯ ಗೂಢಚಾರ ಬಂದು ಇಣುಕಿದರೂ ಬಿಳಿ ಗೀರುಗಳು ಬಿಟ್ಟು ಏನೂ ಕಾಣಬಾರದು.

ಹೆಸರಿಲ್ಲದ ಹಾಡನ್ನು ಜನ ಎಷ್ಟು ದಿನ ಹಾಗೇ ಬಿಟ್ಟಾರು? ಅದು ಮೊದಲು ಮೊಳಗಿದ ದಿನ ಓಣಿಯಲ್ಲಿ ಏನಾಯಿತೋ ಅದೇ ಹೆಸರು. ಒಂದಕ್ಕೆ "ಮುರಿದ ಹಲ್ಲು", ಒಂದಕ್ಕೆ "ಪಾದ್ರಿಯ ಸೈಕಲ್". ಮೆಕ್ಸಿಕೊದ ಸಿನಿಮಾ, ಕ್ಯೂಬಾದ ರೇಡಿಯೊ, ಆಫ್ರಿಕದ ರೆಕಾರ್ಡು, ಎಲ್ಲವೂ ನಮಗೆ ಹೊರಗಿಂದಲೇ ಬಂದದ್ದು. ಬಂದದ್ದಕ್ಕೆ ನಮ್ಮ ಓಣಿಯ ಹೆಸರಿಟ್ಟು ನಮ್ಮದು ಮಾಡಿಕೊಂಡೆವು. ಕಳ್ಳತನ ಎನ್ನುತ್ತೀರಾ? ಎನ್ನಿ. ಆಗ ಯಾರಿಗೂ ಹಾಗನ್ನಿಸಿರಲಿಲ್ಲ.

ಉಬಾಲ್ದಿನಾ ಕಸ್ಸಿಯಾನಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಬಸೂರ್ತೊ ಮಾರ್ಕೆಟ್ಟಿನಿಂದ ಮೀನು ತಂದು, ಅಲ್ಯೂಮಿನಿಯಂ ಬೋಗುಣಿಯನ್ನು ತಲೆಯ ಮೇಲಿಟ್ಟುಕೊಂಡು ಬೀದಿ ಬೀದಿ ಮಾರುತ್ತಿದ್ದಳು. ಕಪ್ಪಗೆ, ಎತ್ತರಕ್ಕೆ, ಬಾಯಿ ಜೋರು. ಒಂದು ಭಾನುವಾರ ಮಧ್ಯಾಹ್ನ ಉಳಿದ ನಾಲ್ಕು ಮೀನು ಹೊತ್ತು ಮನೆಗೆ ಹೊರಟಿದ್ದಾಗ, ತೊಲೆಂತೀನೊ ಎರಾಸೊ ತನ್ನ ಪಿಕೊದಲ್ಲಿ ಹೊಸ ರೆಕಾರ್ಡು ಹಾಕಿದ. ಅವನ ಪಿಕೊ ಹೆಸರು ಗವಿಲಾನ್, ಅಂದರೆ ಗಿಡುಗ. ಪೆಟ್ಟಿಗೆಯ ಮೇಲೆ ಕೆಂಪು ಕಣ್ಣಿನ ಗಿಡುಗ ರೆಕ್ಕೆ ಬಿಚ್ಚಿ ಕೂತಿತ್ತು.

ಗಿಟಾರು ಶುರುವಾಯಿತು. ಉಬಾಲ್ದಿನಾ ನಿಂತಳು. ನಮ್ಮ ಕುಣಿತ ಒಂದೇ ಇಟ್ಟಿಗೆಯ ಅಗಲದಲ್ಲಿ ಆಗಬೇಕು, ಜಾಗ ಬಿಟ್ಟು ಕದಲಿದವನಿಗೆ ಮರ್ಯಾದೆ ಇಲ್ಲ. ಅವಳು ಬಲಗೈಯನ್ನು ಬೋಗುಣಿಯ ಅಂಚಿಗೆ ಒತ್ತಿ ಹಿಡಿದಳು, ಎಡಗೈ ಸೊಂಟಕ್ಕೆ. ಹಿಮ್ಮಡಿ ಎತ್ತಿ ಇಳಿಸಿದಳು. ಕತ್ತಿನಿಂದ ಮೇಲೆ ಕಂಬ, ಕತ್ತಿನಿಂದ ಕೆಳಗೆ ಕಡಲು. ಮುಂದಕ್ಕೆ ಎರಡು, ಹಿಂದಕ್ಕೆ ಅರ್ಧ, ಮತ್ತೆ ತಡೆದು ನಿಲ್ಲುವುದು. ಆ ತಡೆಯುವುದೇ ಸೊಗಸು. ಬೋಗುಣಿಯಲ್ಲಿನ ನೀರು ತುಳುಕಬಾರದಲ್ಲ, ಅದಕ್ಕೆ ಬಂದ ತಡೆ ಅದು. ಹಾಡಿನ ನಡುವೆ ಕರೆಂಟು ಹೋಯಿತು. ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಅವಳು ಮಾತ್ರ ನಿಲ್ಲಿಸಲಿಲ್ಲ. ಸುತ್ತ ಸೇರಿದವರು ಗೊತ್ತಿಲ್ಲದ ಭಾಷೆಯನ್ನು ಬಾಯಿಗೆ ಬಂದಂತೆ ಹಾಡುತ್ತ ಚಪ್ಪಾಳೆ ಹೊಡೆದರು. ಕರೆಂಟು ಬಂದಾಗ ತೊಲೆಂತೀನೊ ಮೈಕು ಕಿತ್ತುಕೊಂಡು ಕಿರುಚಿದ.

"ಕೇಳ್ರೋ ಎಲ್ಲಾ! ಇನ್ಮೇಲೆ ಈ ಹಾಡು ಇವಳದು! ಉಬಾಲ್ದಿನಾ-ಆ-ಆ!"

ಅಲ್ಲಿಂದ ಮುಂದೆ ನಲವತ್ತು ವರ್ಷದ ಹತ್ತಿರ ಹತ್ತಿರ ಪ್ರತಿ ಭಾನುವಾರ ಆ ಹಾಡಿಗೆ ಮುಂಚೆ ಅದೇ ಕೂಗು. ಹುಡುಗಿಯರು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಆ ಕೂಗಿನ ಕೆಳಗೇ. ತಲೆಯ ಮೇಲೆ ಏನೂ ಇಲ್ಲದಿದ್ದರೂ ಬಲಗೈಯನ್ನು ತಲೆಗೊತ್ತಿ ಕುಣಿಯುವುದು ಓಣಿಯ ರೂಢಿಯೇ ಆಯಿತು.

ಉಬಾಲ್ದಿನಾಳ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಬೇರೇನಿತ್ತು? ಗಂಡ ಎವೆಲಿಯೊ ಮರಕೈಬೊದಲ್ಲಿ ಕೆಲಸ ಸಿಕ್ಕಿತು ಎಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಮಗಳು ಪನಾಮಾದ ಹೋಟೆಲೊಂದರಲ್ಲಿ ಹಾಸಿಗೆ ಹಾಸುತ್ತಾಳೆ. ಮೊಮ್ಮಗಳು ಯುರಾನಿಸ್ ಅಜ್ಜಿಯ ಜೊತೆಗಿದ್ದು ಕಾಲೇಜಿಗೆ ಹೋಗುತ್ತಾಳೆ. ಮೊಣಕಾಲು ನೋವು ಬಂದ ಮೇಲೆ ಮೀನು ಬಿಟ್ಟು, ಕುಣಿತದ ಅಂಗಳದ ಮೂಲೆಯಲ್ಲಿ ಬಾಣಲೆ ಇಟ್ಟು ಮೊಟ್ಟೆ ತುಂಬಿದ ಅರೆಪಾ ಕರಿದು ಮಾರುತ್ತಾಳೆ. ಆಸ್ಪತ್ರೆಯಲ್ಲಿ ಅವಳೊಂದು ಚೀಟಿಯ ನಂಬರು. ಕೋಟೆಯೊಳಗಿನ ಹೋಟೆಲುಗಳ ಮುಂದೆ ಅವಳೊಂದು ಕರಿಯ ಮುದುಕಿ. ಭಾನುವಾರ ಮಾತ್ರ ತಗಡಿನ ಮಾಡುಗಳ ಮೇಲೆಲ್ಲ ಅವಳ ಹೆಸರು ಹಾರುತ್ತಿತ್ತು. ಆಗ ಬಾಣಲೆಯ ಮುಂದೆಯೇ ಸೌಟು ಹಿಡಿದ ಕೈಯನ್ನು ತಲೆಗೊತ್ತಿ ಒಂದು ಸುತ್ತು ಕುಣಿಯುತ್ತಿದ್ದಳು. "ರಾಣಿಗೆ ಕಿರೀಟ ಇರುತ್ತೆ, ನಂಗೆ ಹಾಡಿದೆ," ಎನ್ನುತ್ತಿದ್ದಳು. ಅಹಂಕಾರ ಎಂದು ಕೆಲವರು ಮೂಗು ಮುರಿದರು. ಇರಲಿ ಬಿಡಿ, ಅಷ್ಟೂ ಬೇಡವೇ ಒಂದು ಜೀವಕ್ಕೆ?

ತೊಲೆಂತೀನೊ ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಅವಳ ಮಗಳಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿ ಹಿಡಿದು ಎರಡನೆಯ ಅಪ್ಪನಾದವನು. ನಮ್ಮಲ್ಲಿ ಆ ಸಂಬಂಧ ಒಡಹುಟ್ಟಿಗಿಂತ ಒಂದು ಕೈ ಮೇಲು. ಒಂದು ವರ್ಷ ಗಾಳಿಮಳೆಗೆ ಅವಳ ಮಾಡು ಹಾರಿಹೋದಾಗ, ಪಿಕೊಗೆ ಹೊದಿಸುವ ಟಾರ್ಪಾಲನ್ನು ತೆಗೆದು ಅವಳ ಮನೆಗೆ ಹೊದಿಸಿ, ತನ್ನ ಗಿಡುಗವನ್ನು ಮಳೆಯಲ್ಲಿ ನೆನೆಯಲು ಬಿಟ್ಟಿದ್ದ. ಗಿಡುಗದ ಒಂದು ಕಣ್ಣಿನ ಬಣ್ಣ ಆಗಲೇ ಎದ್ದುಹೋದದ್ದು. ಅಂಥ ಮನುಷ್ಯ ಅವನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಡೆದದ್ದು ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಒಂದು ದಿನ ಯುರಾನಿಸ್ ಮೊಬೈಲು ಹಿಡಿದು ಅಡುಗೆಮನೆಗೆ ಓಡಿಬಂದಳು.

"ಅಜ್ಜೀ, ನೋಡಿಲ್ಲಿ! ನಿನ್ ಹಾಡು!"

ಕಿಯೋನಾ ಎಂಬ ಗಾಯಕಿ, ಮಯಾಮಿಯಲ್ಲಿರುವವಳು, ಅದೇ ರಾಗವನ್ನು ಹೊಸ ತಾಳಕ್ಕೆ ಹಾಕಿ ಹಾಡಿದ್ದಳು. ಮೈತುಂಬ ಮಿಂಚಿನ ಬಟ್ಟೆ, ಸುತ್ತ ಇಪ್ಪತ್ತು ಹುಡುಗಿಯರು. ಎಲ್ಲರ ಬಲಗೈ ತಲೆಯ ಮೇಲೆ, ಎಡಗೈ ಸೊಂಟಕ್ಕೆ, ಮುಂದಕ್ಕೆ ಎರಡು, ಹಿಂದಕ್ಕೆ ಅರ್ಧ. ಆಮೇಲೆ ಯುರಾನಿಸ್ ಬೆರಳು ಜಾರಿಸುತ್ತ ಹೋದಳು. ಕೊರಿಯಾದ ಶಾಲಾಮಕ್ಕಳು, ಪೋಲೆಂಡಿನ ನರ್ಸುಗಳು, ಯಾವುದೋ ಊರಿನ ಪೊಲೀಸರು, ಮದುವೆಯ ಉಡುಪಿನಲ್ಲಿ ಹುಡುಗ ಹುಡುಗಿ, ಎಲ್ಲರೂ ತಲೆಗೆ ಕೈ ಒತ್ತಿ ಕುಣಿಯುತ್ತಿದ್ದರು.

"ಇದಕ್ಕೆ ಸುನಾಮಿ ಡಾನ್ಸ್ ಅಂತಾರೆ ಅಜ್ಜಿ."

ಉಬಾಲ್ದಿನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸುನಾಮೀನಾ? ನಮ್ಮೂರಿಗೆ ಚರಂಡಿ ನೀರು ನುಗ್ಗೋದು ಗೊತ್ತು. ಸುನಾಮಿ ಯಾವತ್ತೇ ಬಂತು? ಅಲ್ಲ, ತಲೆ ಮೇಲೆ ಬೋಗುಣಿ ಇಲ್ವಲ್ಲ, ಕೈ ಯಾಕಂತೆ ಅಲ್ಲಿ?"

"ಸ್ಟೈಲ್ ಅಜ್ಜಿ ಅದು."

"ತಲೆನೋವು ಬಂದವರ ಥರ ಇದೆ," ಎಂದು ಅವಳು ಮತ್ತೊಮ್ಮೆ ನೋಡಿದಳು. ಒಳಗೊಳಗೇ ಹಿಗ್ಗಿದ್ದಳು. ಕೊರಿಯಾ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿನ ಮಕ್ಕಳು ತನ್ನ ಹಾಗೆ ಕುಣಿಯುತ್ತಾವಲ್ಲ ಎನ್ನುವುದು ಸಣ್ಣ ಮಾತೇ?

ಅದಾದ ಕೆಲವು ತಿಂಗಳಿಗೆ ಸಿನಿಮಾದವರು ಬಂದರು. ಜಗತ್ತಿನ ಮನೆಮನೆಗೂ ಸಿನಿಮಾ ಹಂಚುವ ಕಂಪನಿಯೊಂದು ಸುನಾಮಿ ಕುಣಿತದ ಬೇರು ಹುಡುಕುವ ಚಿತ್ರ ತೆಗೆಯುತ್ತಿತ್ತಂತೆ. ಮುಂದಾಳು ಇಲಿಯಾನಾ, ಬೊಗೊಟಾದವಳು, ತೆಳ್ಳನೆಯ ಹುಡುಗಿ, ಬಿಸಿಲಿಗೆ ಮೂಗು ಕೆಂಪಾಗಿತ್ತು. ಸಿನಿಮಾದವರು ನೇರವಾಗಿ ತೊಲೆಂತೀನೊನ ಮನೆಗೇ ಬಂದರು, ಯಾಕೆಂದರೆ ಹಳೆಯ ಪಿಕೊಗಳಲ್ಲಿ ಉಳಿದಿದ್ದದ್ದು ಅದೊಂದೇ.

ಉಳಿದಿತ್ತು ಎಂದರೆ ಹೆಸರಿಗೆ. ಹೊಸ ಪಿಕೊಗಳು ಲಾರಿಯಷ್ಟು ದೊಡ್ಡವು, ಕಂಪ್ಯೂಟರಿನಿಂದ ಹಾಡುವವು. ಒಕ್ಕಣ್ಣಿನ ಗಿಡುಗವನ್ನು ಕರೆಸುವವರು ನಮ್ಮ ಓಣಿಯವರು ಬಿಟ್ಟರೆ ಯಾರೂ ಇರಲಿಲ್ಲ. ತೊಲೆಂತೀನೊ ದಿನವಿಡೀ ರೆಕಾರ್ಡುಗಳ ಧೂಳು ಒರೆಸುತ್ತ, "ನಾ ಸತ್ರೆ ಇದನ್ನ ಕೋಳಿಗೂಡು ಮಾಡ್ತೀರಿ, ಗೊತ್ತು ನಂಗೆ," ಎಂದು ಗೊಣಗುತ್ತಿದ್ದ. ಕ್ಯಾಮರಾ ಬಂದದ್ದೇ ತಡ, ಮನುಷ್ಯನಿಗೆ ಇಪ್ಪತ್ತು ವರ್ಷ ಇಳಿಯಿತು. ಗಿಡುಗಕ್ಕೆ ಹೊಸ ಬಣ್ಣ ಹೊಡೆಸಿದ. ಎರಡು ಕಣ್ಣೂ ಬಂದವು.

ಉಬಾಲ್ದಿನಾ ಇಲಿಯಾನಾಳಿಗೆ ಅರೆಪಾ ಕೊಡುತ್ತ, "ಮಗಾ, ಈ ಹಾಡಿನ ಕಥೆ ಹೇಳ್ತೀನಿ ಕೇಳು, ಆವತ್ತು ನಾನು..." ಎಂದು ಶುರುಮಾಡಿದಳು. ತೊಲೆಂತೀನೊ ನಡುವೆ ಬಂದ.

"ಈಗ್ಲೇ ಬೇಡ ಕೊಮಾದ್ರೆ. ಬಿಡಿಬಿಡಿಯಾಗಿ ಹೇಳಿದ್ರೆ ಅವರು ಕಲಸುಮೇಲೋಗರ ಮಾಡ್ತಾರೆ. ಕ್ಯಾಮರಾ ಮುಂದೆ ನಾನೇ ಎಲ್ಲಾ ಹೇಳ್ತೀನಿ. ಮೊದಲನೇ ಮಾತೇ ನಿನ್ ಹೆಸರು. ಸರೀನಾ?"

"ಬೋಗುಣಿ ವಿಷ್ಯ ಮರೀಬೇಡ."

"ಬೋಗುಣಿ, ಕರೆಂಟು, ನಾಲ್ಕು ಮೀನು, ಎಲ್ಲಾ. ನಂಬು."

ನಂಬದೆ ಏನು? ಟಾರ್ಪಾಲು ಹೊದಿಸಿದ ಕೈ ಅದು.

ಹೀಗಾಗಿ ಇಲಿಯಾನಾಳಿಗೆ ಉಬಾಲ್ದಿನಾ ಎಂದರೆ ಓಣಿಯಲ್ಲಿ ತಿಂಡಿ ಕರಿಯುವ ಅಮ್ಮ, ಅಷ್ಟೇ. ಹೆಸರನ್ನೂ ಕೇಳಲಿಲ್ಲ. ಹೆಂಗಸರೆಲ್ಲ ಸಾಲಾಗಿ ಕುಣಿಯುವುದನ್ನು ತೆಗೆಯೋಣ ಎಂದಾಗ ಉಬಾಲ್ದಿನಾ ಹಳೆಯ ಬೋಗುಣಿಯನ್ನು ಒಳಗಿಂದ ತಂದು ತಲೆಯ ಮೇಲಿಟ್ಟು ನಿಂತಳು. ಕುಣಿತ ಹೇಳಿಕೊಡಲು ಬಂದಿದ್ದ ಹುಡುಗನೊಬ್ಬ ಕೈ ಅಡ್ಡ ಹಿಡಿದ.

"ಅಮ್ಮಾ, ಅದನ್ನ ಪಕ್ಕಕ್ಕಿಡಿ, ಲೈಟು ಬಿದ್ದು ಹೊಳೀತಿದೆ. ಆಮೇಲೆ ಅಲ್ಲಿ ತಡೀತೀರಲ್ಲ, ತಡೀಬೇಡಿ. ವಿಡಿಯೋದಲ್ಲಿ ಹಂಗಿಲ್ಲ. ಹಿಂಗೆ, ನೋಡಿ, ಅಲೆ ಬಂದಂಗೆ, ಒಂದೇ ಸಮನೆ."

ಅವಳು ಬೋಗುಣಿ ಕೆಳಗಿಟ್ಟಳು. ಪ್ರಯತ್ನಪಟ್ಟಳು ಪಾಪ, ಆದರೆ ಕಾಲು ತಡೆಯುವ ಜಾಗದಲ್ಲಿ ತಡೆದೇ ತಡೆಯಿತು. ಮೂರು ಸಲ ನೋಡಿ ಆ ಹುಡುಗ ಅವಳನ್ನು ಹಿಂದಿನ ಸಾಲಿಗೆ ಕಳಿಸಿದ. ಯುರಾನಿಸ್ ಮುಂದಿನ ಸಾಲಿನಲ್ಲಿದ್ದಳು; ಅವಳಿಗೆ ಅಲೆ ಬಂದಂತೆ ಬರುತ್ತಿತ್ತು. ಓಣಿಯ ಹೆಂಗಸರು ಕಿಸಕ್ಕೆಂದರು: "ಉಬಾ, ನಿನ್ ಹಾಡಿಗೆ ನಿನ್ನೇ ಫೇಲ್ ಮಾಡ್ಬಿಟ್ರಲ್ಲೇ!"

"ಹುಡುಗಂಗೇನ್ ಗೊತ್ತು, ಬಿಡ್ರೇ. ತೊಲೆಂತೀನೊ ಬಾಯಿ ಬಿಡ್ಲಿ, ಆಮೇಲೆ ಇದೇ ಹುಡುಗ ಬಂದು ಕಾಲು ಹಿಡೀತಾನೆ," ಎಂದಳು. ಆ ಮಾತಿನ ಧೈರ್ಯದಲ್ಲೇ ಆರು ತಿಂಗಳು ಕಳೆದಳು.

ಚಿತ್ರ ತಯಾರಾಯಿತು. ಜಗತ್ತಿಗೆ ಬಿಡುವ ಮುಂಚೆ ಓಣಿಯವರಿಗೆ ತೋರಿಸಬೇಕು ಎಂದು ಕಂಪನಿಯವರು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ದೊಡ್ಡ ಪರದೆ ಕಟ್ಟಿಸಿದರು. ಉಬಾಲ್ದಿನಾ ಹಳದಿ ಕುಪ್ಪಸ ಹೊಲಿಸಿದಳು. ಆ ಸಂಜೆ ಬಾಣಲೆ ಇಡಲಿಲ್ಲ. ಮನೆಮನೆಗೆ ಹೋಗಿ ಕರೆದಳು, ಪನಾಮಾದ ಮಗಳಿಗೆ ಫೋನು ಮಾಡಿದಳು, ನಡೆಯಲಾರದ ಕ್ಷೌರಿಕ ಪ್ರೂದೆನ್ಸಿಯೊನನ್ನು ಕುರ್ಚಿ ಸಮೇತ ಹೊರಿಸಿ ತಂದಳು. ಆವತ್ತು ಕರೆಂಟು ಹೋದಾಗ ಮೊದಲು ಚಪ್ಪಾಳೆ ಹೊಡೆದವನೇ ಅವನು. ಮುಂದಿನ ಸಾಲಿನ ನಟ್ಟನಡುವೆ ಕೂತಳು. ತೊಲೆಂತೀನೊ ಆಚೆ ಕೊನೆಯಲ್ಲಿ ಇಲಿಯಾನಾಳ ಪಕ್ಕ ಬಿಳಿ ಟೊಪ್ಪಿ ಹಾಕಿ ಕೂತಿದ್ದ. ಅವಳು ಕೈ ಬೀಸಿದಳು. ಅವನು ನೋಡಲಿಲ್ಲ. ಕಾಣಿಸಲಿಲ್ಲವೇನೋ ಅಂದುಕೊಂಡಳು.

ಕಿಯೋನಾ ಬಂದಳು, ಕೊರಿಯಾ ಬಂತು, ಪೋಲೆಂಡು ಬಂತು. ಆಮೇಲೆ ನಮ್ಮ ಓಣಿ. ತಗಡಿನ ಮಾಡು, ಹಿನ್ನೀರು, ಹೊಸ ಬಣ್ಣದ ಗಿಡುಗ. ಜನ ಹೋ ಎಂದು ಕಿರುಚಿದರು. ಒಂದು ಜೊತೆ ಕಾಲು ಪರದೆಯ ತುಂಬ ಬಂತು, ಬಿರಿದ ಹಿಮ್ಮಡಿ ಎತ್ತಿ ಇಳಿಸಿ, ಮುಂದಕ್ಕೆ ಎರಡು, ಹಿಂದಕ್ಕೆ ಅರ್ಧ, ತಡೆ.

"ನನ್ ಕಾಲು! ಅದು ನನ್ ಕಾಲು ಕಣ್ರೋ!" ಎಂದು ಉಬಾಲ್ದಿನಾ ಎದ್ದು ನಿಂತೇಬಿಟ್ಟಳು.

ಕ್ಯಾಮರಾ ಮೇಲೇರಲಿಲ್ಲ. ಕಾಲು ಹೋಗಿ ತೊಲೆಂತೀನೊನ ಮುಖ ಬಂತು. ಇಲಿಯಾನಾಳ ದನಿ ಕೇಳಿತು: ಈ ಹಾಡನ್ನು ಇಲ್ಲಿ ಒಬ್ಬ ಹೆಂಗಸಿನ ಹೆಸರಿನಿಂದ ಕರೆಯುತ್ತಾರಂತಲ್ಲ, ಆಕೆ ಯಾರು?

ಪರದೆಯ ಮೇಲಿನ ತೊಲೆಂತೀನೊ ಸ್ವಲ್ಪ ಹೊತ್ತು ಟೊಪ್ಪಿ ಸರಿಮಾಡಿಕೊಂಡ. ನಕ್ಕ.

"ಅಯ್ಯೋ, ಅದಾ? ಹಾಡಿಗೊಂದು ಹೆಸರು ಬೇಕಿತ್ತು, ಇಟ್ವಿ. ಅಂಥಾ ಹೆಂಗಸು ಯಾರೂ ಇರ್ಲಿಲ್ಲ. ಈ ಕುಣಿತ ಯಾರೊಬ್ಬರದೂ ಅಲ್ಲ ತಾಯಿ. ಜನರದು. ಗಾಳಿ ಇದ್ದಂಗೆ."

ಹಳದಿ ಕುಪ್ಪಸದವಳು ಎದ್ದೇ ನಿಂತಿದ್ದಳು, ಅವಳ ತಲೆಯ ನೆರಳು ಪರದೆಯ ಕೆಳಗೆ ಬಿದ್ದಿತ್ತು. ಹಿಂದಿನಿಂದ ಯಾರೋ, "ಕೂತ್ಕೊಳ್ಳಿ ಅಮ್ಮಾ, ಕಾಣ್ತಿಲ್ಲ," ಎಂದರು. ಅವಳು ಕೂತಳು. ಚಿತ್ರ ಮುಂದುವರಿಯಿತು. ಯುರಾನಿಸ್ ಮುಂದಿನ ಸಾಲಿನಲ್ಲಿ ಅಲೆಯಂತೆ ಕುಣಿಯುವುದು ಬಂದಾಗ ಜನ ಮತ್ತೆ ಕಿರುಚಿದರು.

ಮನೆಗೆ ಹೋಗುವ ದಾರಿಯಲ್ಲಿ ಯುರಾನಿಸ್ ಅಜ್ಜಿಯ ಕೈ ಹಿಡಿದು ನಡೆದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಜ್ಜಿ, ಬೇಜಾರ್ ಮಾಡ್ಕೋಬೇಡ. ಹಂಗಾದ್ರೆ ನೀನು ಚಿಕ್ಕಂದಿಂದ ಹೇಳ್ತಿದ್ದದ್ದು, ಮೀನು, ಬೋಗುಣಿ... ಅದೆಲ್ಲಾ ಕಥೆನಾ?"

ತೊಲೆಂತೀನೊ ಚುಚ್ಚಿದ್ದು ಉಬಾಲ್ದಿನಾಳ ಬೆನ್ನಿಗೆ, ಇದು ನೇರ ಎದೆಗೇ ಬಂತು.

ಕೋಪದಲ್ಲಿ ಓಣಿಯೇ ಎದ್ದು ನಿಂತಿತು ಎಂದು ಹೇಳಲು ಆಸೆ. ಹಾಗಾಗಲಿಲ್ಲ. ಒಂದೆರಡು ದಿನ "ಛೆ, ಹಂಗನ್ಬಾರ್ದಿತ್ತು" ಎಂದರು. ಚಿತ್ರ ಜಗತ್ತಿಗೆ ಬಿಡುಗಡೆಯಾಯಿತು. ಊರು ಊರಿನ ಮಂದಿ ನಮ್ಮ ಓಣಿ ನೋಡಲು ಬರತೊಡಗಿದರು. ಆಮೇಲೆ ನೋಡಿ, ಜನರ ನೆನಪು ಹೇಗೆ ನುಣುಚಿಕೊಂಡಿತು! ಸ್ವತಃ ಕಣ್ಣಾರೆ ಕಂಡವರಿಗೇ ಅನುಮಾನ. ಉಬಾಲ್ದಿನಾ ಪ್ರೂದೆನ್ಸಿಯೊನ ಹತ್ತಿರ ಹೋದಳು.

"ನೀನಿದ್ದೆಯಲ್ಲೋ ಆವತ್ತು. ಹೇಳು ನಮ್ಮ ಹುಡುಗಿಗೆ."

ಪ್ರೂದೆನ್ಸಿಯೊ ಗಡ್ಡ ಕೆರೆದುಕೊಂಡ. "ಇದ್ದೆ ಉಬಾ. ಯಾರೋ ಕುಣಿದ್ರು, ಹೌದು. ನೀನೇ ಅಂತ ಅಂದ್ಕೊಂಡಿದ್ದೆ. ಆದ್ರೆ ಅಷ್ಟು ದೊಡ್ಡ ಸಿನಿಮಾದಲ್ಲಿ ವಿಚಾರಿಸ್ದೆ ಹಾಕ್ತಾರಾ? ನಂಗೂ ವಯಸ್ಸಾಯ್ತು."

ಕಣ್ಣಿದ್ದ ಮನುಷ್ಯ ಪರದೆಯಿಂದ ತನ್ನ ಕಣ್ಣನ್ನೇ ಸಾಲ ತರುತ್ತಿದ್ದ. ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಲ್ಲಿಂದ ಎದ್ದವಳು ನೇರ ತೊಲೆಂತೀನೊನ ಮನೆಗೆ ನಡೆದಳು.

ಅವನು ಅಂಗಳದ ಮಾವಿನ ಮರದ ಕೆಳಗೆ ರೆಕಾರ್ಡುಗಳನ್ನು ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೆಳಗಿಟ್ಟ.

"ಬಾ ಕೊಮಾದ್ರೆ. ಕಾಫಿ..."

"ನಿನ್ ಕಾಫಿ ನಾಯಿಗೆ ಹಾಕು. ಯಾಕೆ ಹಂಗಂದೆ?"

ಅವನು ತಲೆ ತಗ್ಗಿಸಿದ. ಒರೆಸಿದ ರೆಕಾರ್ಡನ್ನೇ ಮತ್ತೆ ಒರೆಸಿದ.

"ಕ್ಯಾಮರಾ ಹಚ್ಚೋಕೆ ಮುಂಚೆ ಆ ಹುಡುಗಿ ಕೇಳಿದ್ಳು. ಆ ಹೆಂಗಸು ಬದುಕಿದ್ದಾಳಾ ಅಂತ. ಬದುಕಿದ್ರೆ ಕುಣಿತದ ಹಕ್ಕು ಅವಳದಾಗುತ್ತಂತೆ, ವಕೀಲರು ಬರ್ಬೇಕಂತೆ, ಕಿಯೋನಾ ಕಡೆಯವರು ಒಪ್ಬೇಕಂತೆ. ಅವರು ಒಪ್ಪಲ್ಲ, ಈ ಓಣಿ ಭಾಗಾನೇ ಕತ್ತರಿಸಿ ಬಿಸಾಕ್ತಾರೆ ಅಂದ್ಳು. ಗಿಡುಗಾನೂ ಹೋಗುತ್ತೆ ಅಂದ್ಳು."

"ಅದ್ಕೆ?"

"ಸತ್ತೋಗಿದ್ದಾಳೆ ಅನ್ನೋಕೆ ಬಾಯಿ ಬರ್ಲಿಲ್ಲ ಉಬಾ. ನಿನ್ನ ಸಾಯ್ಸೋದು ನನ್ ಕೈಲಿ ಆಗಲ್ಲ. ಅದ್ಕೇ ಅಂಥವಳು ಇರ್ಲೇ ಇಲ್ಲ ಅಂದೆ."

"ಅಬ್ಬಾ, ಏನ್ ಕರುಣೆ!" ಎಂದು ಅವಳು ಕೈ ತಟ್ಟಿದಳು. "ಸಾಯ್ಸೋಕೆ ಮನಸ್ಸು ಬರ್ದೆ ಹುಟ್ಟೇ ಇಲ್ಲ ಅನ್ನಿಸ್ಬಿಟ್ಯಾ? ಸತ್ತಿದ್ರೆ ಒಂದು ಸಮಾಧಿನಾದ್ರೂ ಇರ್ತಿತ್ತಲ್ಲೋ ನಂಗೆ!"

"ಗಿಡುಗ ಕೋಳಿಗೂಡಾಗ್ತಿತ್ತು ಕಣೇ. ನನ್ ಇಡೀ ಆಯಸ್ಸು."

"ನಂದು? ನಂದೇನಿತ್ತೋ ಬೇರೆ? ನಿಂಗೆ ಗಿಡುಗ ಇತ್ತು, ರೆಕಾರ್ಡಿತ್ತು, ಮೈಕಿತ್ತು. ನಂಗಿದ್ದದ್ದು ಒಂದು ಕೂಗು. ಭಾನುವಾರಕ್ಕೊಂದು ಸಲ. ಅದನ್ನೂ ಮಾರ್ಕೊಂಡ್ಯಲ್ಲೋ!" ಅವಳ ದನಿ ಒಡೆಯಿತು. "ಬೇರೆ ಯಾರಾದ್ರೂ ಹೇಳಿದ್ರೆ ಉಗಿದು ಸುಮ್ನಾಗ್ತಿದ್ದೆ. ಹೇಳ್ದವನು ನೀನು. ನನ್ ಮಗು ಎತ್ತಿದವನು."

ತೊಲೆಂತೀನೊನ ಕಣ್ಣಲ್ಲಿ ನೀರು ತುಂಬಿತು. ಎದ್ದು ಒಳಗೆ ಹೋಗಿ ಆ ಹಾಡಿನ ರೆಕಾರ್ಡು ತಂದ. ಹಡಗಿನವರು ತಂದದ್ದು, ಅವನ ಬದುಕಿನ ಒಂದೇ ಒಂದು ಸಂಪತ್ತು. ಇಷ್ಟು ವರ್ಷ ಯಾರ ಕೈಗೂ ಕೊಡದಿದ್ದದ್ದು. ಅವಳ ಕೈಗಿಟ್ಟ.

"ತಗೋ. ಇದು ನಿಂದೇ. ಮೊದಲಿಂದ್ಲೂ ನಿಂದೇ."

ಉಬಾಲ್ದಿನಾ ಅದನ್ನು ಮೊದಲ ಸಲ ಇಷ್ಟು ಹತ್ತಿರದಿಂದ ನೋಡಿದಳು. ನಡುವಿನ ದುಂಡು ಕಾಗದ ಒಂದು ಕಾಲದಲ್ಲಿ ಹಸಿರಾಗಿದ್ದಿರಬೇಕು. ಬ್ಲೇಡಿನ ಬಿಳಿ ಗೀರುಗಳು ಒಂದರ ಮೇಲೊಂದು. ಹೆಬ್ಬೆರಳಿನಿಂದ ಸವರಿದಳು. ಒರಟಾಗಿತ್ತು.

"ಇಲ್ಲೇನು ಬರ್ದಿತ್ತು?"

"ಹೆಸರು. ಹಾಡಿದವಳ ಹೆಸರು."

"ಹೆಂಗಸಾ?"

"ಹೆಂಗಸೇ. ದನಿ ಕೇಳ್ಸಲ್ವಾ."

"ಏನ್ ಹೆಸರು?"

ಅವನು ಮರವನ್ನು ನೋಡಿದ, ನೆಲವನ್ನು ನೋಡಿದ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ಹುಡುಕುತ್ತಿದ್ದ.

"ಮರ್ತೋಗಿದೆ ಉಬಾ. ಆಗ ಓದಿದ್ದೆ. ಎರಡು ಹೆಸರಿತ್ತು. ಕೆರೆದ್ಮೇಲೆ ನೆನಪಿಟ್ಕೊಳ್ಳೋದು ಯಾಕೆ ಅನ್ಕೊಂಡೆ."

ನಲವತ್ತು ವರ್ಷ ತಾನು ಹೆಮ್ಮೆಯಿಂದ ತಲೆಯ ಮೇಲೆ ಹೊತ್ತದ್ದು ಇನ್ನೊಬ್ಬಳ ಜಾಗ ಎಂದು ಅವಳಿಗೆ ಆಗ ಹೊಳೆಯಿತು. ಆ ಇನ್ನೊಬ್ಬಳು ಎಲ್ಲೋ ಕಾಂಗೋದಲ್ಲಿ ಮುದುಕಿಯಾಗಿ ಬಾಣಲೆ ಮುಂದೆ ಕೂತಿರಬಹುದು, ಸತ್ತೂ ಇರಬಹುದು. ತಮ್ಮ ಓಣಿಯಲ್ಲಿ ಅವಳನ್ನು ಯಾರೂ ಹುಟ್ಟಿಸಲೇ ಇಲ್ಲ. ಆವತ್ತು ಬ್ಲೇಡು ಹಿಡಿದ ಕೈಯೇ ಈಗ ಕ್ಯಾಮರಾ ಮುಂದೆ ಟೊಪ್ಪಿ ಸರಿಮಾಡಿಕೊಂಡದ್ದು. ಅವಳಿಗೆ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಜೊತೆಗೆ ತನ್ನ ಮೇಲೂ ಸ್ವಲ್ಪ ಬಂತು.

ರೆಕಾರ್ಡನ್ನು ಅವನ ಕೈಗೇ ತುರುಕಿದಳು.

"ನಂಗೆ ಬೇಡ. ಭಾನುವಾರ ಹಾಕು. ಆದ್ರೆ ನನ್ ಹೆಸರು ಕೂಗ್ಬೇಡ. ಕೂಗೋದಾದ್ರೆ ಅವಳ ಹೆಸರು ಕೂಗು."

"ಅದೇ ಗೊತ್ತಿಲ್ವಲ್ಲೇ ನಂಗೆ."

"ಹಂಗಾದ್ರೆ ಬಾಯಿ ಮುಚ್ಕೊಂಡಿರು."

ಭಾನುವಾರ ಬಂತು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಕೋಟೆಯ ಕಡೆಯಿಂದ ಎರಡು ಬಸ್ಸು ತುಂಬ ಪ್ರವಾಸಿಗಳು, ಮೊಬೈಲು ಎತ್ತಿ ಹಿಡಿದ ಕೈಗಳ ಕಾಡು. ಹೊಸ ಕಣ್ಣಿನ ಗಿಡುಗ ಮಿರಮಿರ ಮಿಂಚುತ್ತಿತ್ತು. ಉಬಾಲ್ದಿನಾ ತನ್ನ ಮೂಲೆಯಲ್ಲಿ ಬಾಣಲೆ ಇಟ್ಟಿದ್ದಳು. ಹಿಟ್ಟಿಗೆ ಮೊಟ್ಟೆ ಸುರಿದು ಅಂಚು ಒತ್ತಿ ಎಣ್ಣೆಗೆ ಬಿಡುತ್ತಿದ್ದಳು. ಯುರಾನಿಸ್ ಪ್ರವಾಸಿಗಳ ನಡುವೆ ನಿಂತು ಅಲೆ ಬರುವುದು ಹೇಗೆಂದು ತೋರಿಸುತ್ತಿದ್ದಳು.

ಸೂಜಿ ರೆಕಾರ್ಡಿಗೆ ತಗಲಿದ ಕರಕರ ಕೇಳಿತು. ಉಬಾಲ್ದಿನಾಳ ಕೈ ನಿಂತಿತು. ಈ ಕರಕರಕ್ಕೂ ಗಿಟಾರಿಗೂ ನಡುವಿನ ಸಣ್ಣ ಬಿಡುವಿನಲ್ಲೇ ಅವನು ಕೂಗುತ್ತಿದ್ದದ್ದು. ಬೇಡ ಎಂದು ಅವಳೇ ಹೇಳಿದ್ದಳು, ನಿಜ. ಆದರೂ ತೊಲೆಂತೀನೊ ಅವಳ ಮಾತು ಯಾವತ್ತು ಕೇಳಿದ್ದ? ಟಾರ್ಪಾಲು ಬೇಡ ಎಂದಾಗ ಕೇಳಿದ್ದನೇ? ಕೂಗುತ್ತಾನೆ. ಇಷ್ಟು ಜನರ ಮುಂದೆ, ಇಷ್ಟು ಮೊಬೈಲುಗಳ ಮುಂದೆ ಒಂದು ಸಲ ಕೂಗಿದರೆ ಸಾಕು, ಎಲ್ಲ ತೊಳೆದುಹೋಗುತ್ತದೆ. ಅವಳು ಸೌಟು ಹಿಡಿದು ಗಿಡುಗದ ಕಡೆ ನೋಡಿದಳು. ತೊಲೆಂತೀನೊ ಮೈಕು ಬಾಯಿಯ ಹತ್ತಿರ ತಂದ. ಅವನೂ ಇವಳನ್ನೇ ನೋಡುತ್ತಿದ್ದ. ಉಸಿರು ಎಳೆದುಕೊಂಡದ್ದು ಸ್ಪೀಕರಿನಲ್ಲಿ ಕೇಳಿಸಿತು.

ಆಮೇಲೆ ಮೈಕು ಕೆಳಗಿಳಿಸಿದ.

ಬದುಕಿಡೀ ಒಂದು ಸಲವೂ ಹೇಳಿದಂತೆ ಕೇಳದ ಮನುಷ್ಯ, ಆವತ್ತು ಕೇಳಿದ.

ಗಿಟಾರು ಶುರುವಾಯಿತು. ಬಿಡುವು ಖಾಲಿ ಉಳಿದದ್ದು ಒಂದೇ ಕ್ಷಣ. "ಸುನಾಮಿ!" ಎಂದು ಯಾರೋ ಕಿರುಚಿದರು, "ಸುನಾಮಿ! ಸುನಾಮಿ!" ಎಂದು ಇಡೀ ಅಂಗಳ ಹಿಡಿದುಕೊಂಡಿತು. ಪ್ರವಾಸಿಗಳು, ಓಣಿಯ ಹುಡುಗರು, ಕುರ್ಚಿಯಲ್ಲಿ ಕೂತ ಪ್ರೂದೆನ್ಸಿಯೊ, ಎಲ್ಲರಿಗಿಂತ ಜೋರಾಗಿ ಯುರಾನಿಸ್. ನೂರಾರು ಬಲಗೈಗಳು ಖಾಲಿ ತಲೆಗಳ ಮೇಲೆ ಹೋದವು.

ಬಾಣಲೆಯ ಮುಂದೆ ಉಬಾಲ್ದಿನಾಳ ಹಿಮ್ಮಡಿ ತಾನಾಗಿ ಎದ್ದಿತು. ಅವಳು ಅದನ್ನು ನೆಲಕ್ಕೆ ಒತ್ತಿ ಹಿಡಿದಳು. ಎದುರಿಗೆ ನಿಂತ ಪ್ರವಾಸಿ ಹೆಂಗಸು ಎರಡು ಬೆರಳು ತೋರಿಸಿ ಅರೆಪಾ ಕೇಳಿದಳು. ಬಾಣಲೆಯಲ್ಲಿದ್ದದ್ದು ಒಂದು ಬದಿ ಸೀದಿತ್ತು. ಅದನ್ನು ಪಕ್ಕಕ್ಕೆ ಹಾಕಿ, ಬೇರೆ ಎರಡು ಕರಿದು ಕಾಗದದಲ್ಲಿ ಸುತ್ತಿ ಕೊಟ್ಟಳು.